ಮುಚ್ಚಳಕ್ಕೆ ತೂಗಿದ ಹನಿಗಳು

“ನಾನು ಸುಳ್ಳುಬುರುಕಿ ಅಲ್ಲಮ್ಮ! ನೀನೇ ಬಂದು ಮಿಸ್‌ಗೆ ಹೇಳು!”

ಗುಡುಗಮ್ಮ ಶಾಲೆಯ ಬ್ಯಾಗನ್ನು ಅಮ್ಮನ ಲ್ಯಾಬಿನ ಮೂಲೆಗೆ ಎಸೆದಳು. ಅವಳು ಮುಚ್ಚಿದ ಬಾಗಿಲೆಲ್ಲ ಧಡಾರ್ ಎನ್ನುತ್ತಿತ್ತು. ಮನೆಯಲ್ಲಿ ಆ ಅಡ್ಡಹೆಸರು ಬಂದದ್ದೇ ಹಾಗೆ.

ಕ್ಲಾಸಿನಲ್ಲಿ “ನಮ್ಮಮ್ಮ ಲಿವರ್ ಬೆಳೆಸ್ತಾರೆ” ಎಂದದ್ದೇ ತಪ್ಪಾಯಿತು. “ಎಲ್ಲಿ, ಹೂವಿನ ಕುಂಡದಲ್ಲಾ?” ಎಂದ ಹಿಂದಿನ ಬೆಂಚಿನವನು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಿಸ್ ಕೂಡ ನಗು ತಡೆಯುತ್ತಾ, “ಬುರುಡೆ ಬಿಡಬೇಡ, ಕೂತ್ಕೋ” ಎಂದರು.

“ಲಿವರ್ ಅಂತ ಯಾಕೆ ಹೇಳಿದೆ ಪುಟ್ಟಿ? ಇನ್ನೂ ಆಗಿಲ್ವಲ್ಲ,” ಎಂದಳು ಅಮ್ಮ.

ನೋಡಿ! ಅಮ್ಮನೂ ಅವರ ಕಡೆಗೇ!

ಅಮ್ಮ ಜೀವಕೋಶ ಬೆಳೆಸುವ ಬೆಚ್ಚನೆಯ ಕಪಾಟಿನ ಹೊರಬಾಗಿಲು ತೆರೆದು, ಒಳಗಿನ ಗಾಜಿನ ಮೂಲಕ ತೋರಿಸಿದಳು. ಪುಟ್ಟ ತಟ್ಟೆಯ ಮುಚ್ಚಳದಡಿ ಸಾಲು ಸಾಲು ಹನಿಗಳು ತೂಗುತ್ತಿದ್ದವು. ಒಂದೊಂದರಲ್ಲೂ ಮರಳಿನ ಕಣದಷ್ಟು ಚುಕ್ಕೆ.

“ಇಷ್ಟೇನಾ? ಇದಕ್ಕಾ ನಾನು ಬೈಸ್ಕೊಂಡಿದ್ದು?”

“ಲಿವರಿನ ಜೀವಕೋಶಗಳನ್ನ ಚಪ್ಪಟೆಯಾಗಿ ಹರಡಿದ್ರೆ ತಮ್ಮ ಕೆಲಸಾನೇ ಮರೆತುಬಿಡ್ತವೆ ಕಣೇ. ಹನೀಲಿ ತೂಗಿಸಿದ್ರೆ ಒಂದನ್ನೊಂದು ತಬ್ಬಿಕೊಂಡು ಉಂಡೆ ಕಟ್ತವೆ. ಆಗ ನೆನಪಿರುತ್ತೆ. ಮುಂದೊಂದು ದಿನ ಒಂದು ಮೆಷಿನ್ ತುಂಬ ಇಂಥ ಉಂಡೆ ಇರ್ಬೇಕು. ಲಿವರ್ ಕೆಟ್ಟವರ ರಕ್ತ ಅದರಲ್ಲಿ ಹಾದು, ಚೊಕ್ಕಟವಾಗಿ ಮೈಗೆ ವಾಪಸ್ ಹೋಗ್ಬೇಕು.”

“ಮುಂದೊಂದು ದಿನ! ನಾಳೆ ನಾನೇನು ತೋರಿಸ್ಲಿ?”

ಗುಡುಗಮ್ಮ ಕಪಾಟಿನ ಬಾಗಿಲನ್ನು ದೂಡಿದಳು.

ಧಡಾರ್!

ಅಮ್ಮ ಮೆಲ್ಲಗೆ ಬಾಗಿಲು ತೆರೆದಳು. ಹನಿಗಳೆಲ್ಲ ಕೆಳಗೆ ಬಿದ್ದು, ಕಲೆತು, ನೀರಾಗಿ ಹರಡಿದ್ದವು.

ಗುಡುಗಮ್ಮ ಗಾಜಿಗೆ ಮೂಗು ತಾಗಿಸಿ ನೋಡಿದಳು. “ಎಷ್ಟು ದಿನದ್ದಮ್ಮ?”

“ಈ ವಾರದ್ದು ಪೂರ್ತಿ.”

ಪಕ್ಕದ ಮೇಜಿನ ಕನ್ನಡಕದ ಆಂಟಿ ಅವಳಿಗೊಂದು ಸ್ಟೂಲ್ ಎಳೆದುಕೊಟ್ಟರು. “ನಾನಂತೂ ಒಂದ್ಸಲ ಸೀನಿ ಹನಿ ಕೆಡವಿದ್ದೆ,” ಎಂದು ಪಿಸುಗುಟ್ಟಿದರು.

ಅಮ್ಮ ಆಗಲೇ ಹೊಸ ಮುಚ್ಚಳಕ್ಕೆ ಹನಿ ಇಡುತ್ತಿದ್ದಳು. ಒಂದು. ಇನ್ನೊಂದು. ಮತ್ತೊಂದು.

“ಬೈಯಮ್ಮ.”

“ಈಗ ಬೈದ್ರೆ ಕೈ ನಡುಗುತ್ತೆ. ಮನೆಗೆ ಹೋಗಿ ಬೈತೀನಿ.”

ಮರುದಿನ ಹಿಂದಿನ ಬೆಂಚಿನವನು ಕಾಯುತ್ತಲೇ ಇದ್ದ. “ಏನೇ, ನಿಮ್ಮ ಕುಂಡದಲ್ಲಿ ಲಿವರ್ ಬಿಡ್ತಾ?”

ಗುಡುಗಮ್ಮನ ಕಿವಿ ಕೆಂಪಾಯಿತು. “ಇನ್ನೂ ಇಲ್ಲ. ಮೊದಲಿಂದ ಶುರು ಮಾಡಿದಾರೆ.”

“ಗಲಾಟೆ ಸಾಕು. ಆ ಬಾಗಿಲು ಹಾಕಮ್ಮ,” ಎಂದರು ಮಿಸ್.

ಕೋಪ ಇನ್ನೂ ಕುದಿಯುತ್ತಿತ್ತು. ಅವಳು ಬಾಗಿಲ ಅಂಚಿಗೆ ಅಂಗೈ ಕೊಟ್ಟು, ಉಸಿರು ಬಿಗಿಹಿಡಿದು ದೂಡಿದಳು.

ಮುಚ್ಚಿತೋ ಇಲ್ಲವೋ ಎಂದು ಮಿಸ್ ತಿರುಗಿ ನೋಡಬೇಕಾಯಿತು.