ಆರನೇ ಪ್ರಶ್ನೆಗೆ ಮಾರ್ನಿ ಬರೆದದ್ದು

ಐದು ಪ್ರಶ್ನೆ ಮುಗಿದಿದ್ದವು. ಆರನೆಯದಕ್ಕೆ ಬಂದು ಮಾರ್ನಿಯ ಪೆನ್ನು ನಿಂತಿತು.

‘ನೀನು ಪಕ್ ಕಳೆದುಕೊಂಡಾಗ ನಿನ್ನ ಜೊತೆಗಾರ ಎಲ್ಲಿರುತ್ತಾನೆ?’

ಅವಳು ಬೆಂಚಿನ ಆ ತುದಿಗೆ ನೋಡಿದಳು. ಜೊತೆಗಾರ ಲೈಲ್ ಒಂದು ಸ್ಕೇಟ್ ಬಿಚ್ಚಿ, ಇನ್ನೊಂದು ಬಿಚ್ಚದೆ, ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆಯುತ್ತಿದ್ದ. ಅವನದು ಅವಳ ಬಗ್ಗೆ. ಅವಳದು ಅವನ ಬಗ್ಗೆ.

ಇಬ್ಬರೂ ನಮ್ಮೂರಿನ ಮಕ್ಕಳ ಐಸ್ ಹಾಕಿ ತಂಡದಲ್ಲಿ ಡಿಫೆನ್ಸ್. ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆಯಲ್ಲಿ ಆಡುವ ಆಟ. ಎದುರಿನವರು ನಮ್ಮ ಗೋಲಿನ ಹತ್ತಿರ ಸುಳಿಯದಂತೆ ತಡೆಯುವುದು ಅವರ ಕೆಲಸ. ಮೂರು ಚಳಿಗಾಲದಿಂದ ಅವರದೇ ಜೋಡಿ. ಆ ವರ್ಷ ಜಿಲ್ಲಾ ತಂಡಕ್ಕೆ ನಮ್ಮೂರಿನಿಂದ ಒಬ್ಬರೇ ಡಿಫೆನ್ಸ್ ಬೇಕಾಗಿತ್ತು. ಆರಿಸಲು ಸಾಸ್ಕಟೂನ್ ನಗರದಿಂದ ಪೆನ್ನರ್ ಸರ್ ಬಂದಿದ್ದರು. ಒಂದು ಮ್ಯಾಚ್ ನೋಡಿದರೆ ಎಲ್ಲ ಗೊತ್ತಾಗುವುದಿಲ್ಲ, ಜೊತೆಯಲ್ಲಿ ಆಡುವವರನ್ನೇ ಕೇಳಬೇಕು ಅಂತ ಅವರು ನಂಬಿದ್ದರು. ಅದಕ್ಕೇ ಈ ಕಾಗದ.

ಓಟ, ಐದಕ್ಕೆ ಮೂರು. ಪಾಸ್, ನಾಲ್ಕು. ಹೊಡೆತ, ಎರಡು. ಎಲ್ಲ ನಿಜವನ್ನೇ ಬರೆದಿದ್ದಳು ಮಾರ್ನಿ.

ಆದರೆ ಇದು? ಪಕ್ ಸಿಕ್ಕಿದರೆ ಅವಳು ಯಾರಿಗೂ ಕೊಡದೆ ತಾನೇ ಮುಂದಕ್ಕೆ ಓಡಿಸಿಕೊಂಡು ಹೋಗುವವಳು. ಜನ ಐಸ್ ಸುತ್ತಲಿನ ಬೋರ್ಡಿಗೆ ಕೈ ಬಡಿದು ಕೂಗುತ್ತಿದ್ದರು. ಎಷ್ಟೋ ಸಲ ಪಕ್ ಕೈತಪ್ಪುತ್ತಿತ್ತು. ಆಗ ಲೈಲ್ ಎಲ್ಲಿರುತ್ತಿದ್ದ? ಅವಳು ನೋಡಿಯೇ ಇರಲಿಲ್ಲ.

ಅವನನ್ನೇ ಕೇಳಬಹುದಿತ್ತು. ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದ. ಕೇಳಲಿಲ್ಲ. ಇರುವುದೊಂದೇ ಜಾಗ.

‘ಗೊತ್ತಿಲ್ಲ. ನನಗೆ ಕಾಣುವುದಿಲ್ಲ’ ಎಂದು ಬರೆದಳು. ಅದೂ ಸುಳ್ಳಲ್ಲ. ಆದರೂ ಕಾಗದವನ್ನು ಎರಡು ಮಡಿಕೆ ಮಾಡಿ ಕೊಟ್ಟಳು.

ಪೆನ್ನರ್ ಸರ್ ಬಿಡಿಸಿ ಓದಿದರು. “ಕಾಣ್ಸೋದೇ ಇಲ್ವಾ?”

“ಇಲ್ಲ ಸರ್.”

ಅವರು ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ ಏನೋ ಗುರುತು ಹಾಕಿಕೊಂಡರು.

ಡ್ರೆಸ್ಸಿಂಗ್ ರೂಮಿನ ಹೊರಗೆ, ಆಟವಾಡುವ ಐಸ್ ಅಂಗಳವಾದ ರಿಂಕಿನಲ್ಲಿ, ಮಾರ್ನಿಯ ತಾತ ನಿಂತಿದ್ದರು. ಅವಳು ಅವರನ್ನು ಗಿಡೋ ಎನ್ನುತ್ತಾಳೆ, ನಮ್ಮಲ್ಲಿ ಉಕ್ರೇನಿನಿಂದ ಬಂದ ಮನೆಗಳಲ್ಲಿ ಹಾಗೇ. ರಿಂಕಿನ ಐಸ್ ನೋಡಿಕೊಳ್ಳುವವರು ಅವರೇ. ಆಟ ಮುಗಿದ ಮೇಲೆ ನೀರಿನ ಗಾಡಿ ಓಡಿಸಿ ಐಸನ್ನು ಹೊಸದು ಮಾಡುತ್ತಾರೆ. ಅದಕ್ಕೆ ಮೊದಲು ಒಂದು ಸುತ್ತು ನಡೆದು ಗೆರೆಗಳನ್ನು ನೋಡುತ್ತಾರೆ. ಓದು ಬರಹ ಅವರಿಗೆ ಅಷ್ಟಕ್ಕಷ್ಟೆ. ಐಸ್ ಮೇಲಿನ ಗೆರೆ ಮಾತ್ರ ಪೇಪರಿನ ಹಾಗೆ ಓದುತ್ತಾರೆ.

“ಬಾ ಪುಟ್ಟಿ, ನಿನ್ನ ಓಟ ನೋಡು,” ಎಂದರು. ಉದ್ದನೆಯ ಗೆರೆಗಳು ಆ ಕಡೆಯ ಗೋಲಿನ ತನಕ ನೇರ ಹೋಗಿದ್ದವು. “ಕುದುರೆ ಹಾಗೆ ಹೋಗಿದೀಯ.”

ಮಾರ್ನಿಗೆ ಖುಷಿಯಾಯಿತು. “ಇದೇನು, ಅರ್ಧ ಚಂದ್ರನ ಹಾಗೆ?”

“ಹಿಮ್ಮುಖವಾಗಿ ಓಡಿದ್ರೆ ಹಾಗೆ ಬೀಳುತ್ತೆ. ಇದು ನಿನ್ ಜೊತೆಗಾರಂದು. ಅಣ್ಣನ ಹಳೇ ಸ್ಕೇಟ್ ಹಾಕ್ಕೋತಾನಲ್ಲ, ಎಡಗಡೆ ಬ್ಲೇಡ್ ಚೂರು ಮುರಿದಿದೆ. ಗೆರೆ ಪಕ್ಕ ಇನ್ನೊಂದು ಎಳೆ ಬರುತ್ತೆ, ನೋಡು.”

ಮಾರ್ನಿ ಬಗ್ಗಿ ನೋಡಿದಳು. ಎರಡೆಳೆಯ ಅರ್ಧ ಚಂದ್ರಗಳು ಲೈಲ್ ಆಡುವ ಎಡಬದಿಯಲ್ಲಿ ಇದ್ದವು. ನಡುವಿನಲ್ಲೂ ಇದ್ದವು. ಅಲ್ಲಿಂದ ಅವಳದೇ ಬಲಬದಿಗೆ ದಾಟಿದ್ದವು. ಅವಳ ಒಂದೊಂದು ನೇರ ಗೆರೆಯ ಹಿಂದೆಯೂ ಒಂದೊಂದು ಸಾಲು.

“ಇವನು ನನ್ ಜಾಗಕ್ಕೆ ಯಾಕ್ ಬಂದ?”

“ನೀನು ಅಲ್ಲಿರ್ಲಿಲ್ವಲ್ಲ ಮಗಾ,” ಎಂದರು ಗಿಡೋ.

ಅವಳು ಹೆಲ್ಮೆಟ್ ಅಲ್ಲೇ ಬಿಟ್ಟು ಹೊರಬಾಗಿಲಿಗೆ ಓಡಿದಳು. ಪೆನ್ನರ್ ಸರ್ ಕಾರಿನ ಕೆಂಪು ದೀಪ ಆಗಲೇ ಧಾನ್ಯದ ಗೋದಾಮು ದಾಟಿ ಹೋಗಿತ್ತು.

ಬಾಗಿಲ ಹೊರಗೆ ಲೈಲ್ ತನ್ನ ಚೀಲದ ಮೇಲೆ ಕೂತಿದ್ದ. “ಏನ್ ಮಾರ್ನಿ, ಯಾರಾದ್ರೂ ಅಟ್ಟಿಸ್ಕೊಂಡ್ ಬಂದ್ರಾ? ಕಿವಿ ಉದುರುತ್ತೆ, ಟೋಪಿ ಹಾಕ್ಕೋ.”

“ಆರನೇದಕ್ಕೆ ಏನ್ ಬರ್ದೆ?”

“‘ಮುಂದೆ’ ಅಂತ ಬರ್ದೆ. ನೀನು ಎಲ್ಲಿದ್ರೂ ನಂಗೆ ಕಾಣುತ್ತಲ್ಲ. ನೀನೇನ್ ಬರ್ದೆ?”

“ನೆನಪಿಲ್ಲ,” ಎಂದಳು ಮಾರ್ನಿ.

ಇದು ಸುಳ್ಳು.

ಒಳಗೆ ನೀರಿನ ಗಾಡಿಯ ಸದ್ದು ಶುರುವಾಯಿತು. ಅವಳು ಓಡಿ ಬಂದು, “ಗಿಡೋ, ಸ್ವಲ್ಪ ನಿಲ್ಸು,” ಎಂದಳು. ಗಾಡಿಯ ಸದ್ದಿಗೆ ಅವರಿಗೆ ಕೇಳಲಿಲ್ಲ. ಗಾಡಿ ಹೋದಲ್ಲೆಲ್ಲ ಐಸ್ ಒದ್ದೆಯಾಗಿ ಹೊಳೆಯಿತು. ಒಂದು ಗೆರೆಯೂ ಉಳಿಯಲಿಲ್ಲ.

ಮರುದಿನ ಅವಳು ಪೆನ್ನರ್ ಸರ್‌ಗೆ ಫೋನ್ ಮಾಡಿದಳು.

“ಸರ್, ಲೈಲ್ ಎಲ್ಲಿರ್ತಾನೆ ಅಂತ ಈಗ ಗೊತ್ತಾಯ್ತು. ನನ್ ಜಾಗದಲ್ಲಿರ್ತಾನೆ.”

“ಯಾರು ಹೇಳಿದ್ರು?”

“ಗೆರೆ ನೋಡ್ದೆ ಸರ್. ಐಸ್ ಮೇಲೆ. ಈಗ ಅಳಿಸಿ ಹೋಗಿದೆ.”

“ಫ್ರೆಂಡ್ ಬಗ್ಗೆ ಪಾಪ ಅನ್ಸುತ್ತೆ ಅಲ್ವಾ? ಲಿಸ್ಟ್ ಕಳಿಸಿ ಆಯ್ತಮ್ಮ. ನೀನು ಒಳ್ಳೇ ಹುಡುಗಿ.”

ಮಾರ್ನಿ ಫೋನ್ ಇಟ್ಟಳು. ಒಳ್ಳೇ ಹುಡುಗಿ ಅನ್ನಿಸಿಕೊಂಡು ಅಷ್ಟು ಬೇಜಾರು ಅವಳಿಗೆ ಯಾವತ್ತೂ ಆಗಿರಲಿಲ್ಲ.

ಬುಧವಾರ ರಿಂಕಿನ ಬಾಗಿಲಿಗೆ ಲಿಸ್ಟ್ ಅಂಟಿಸಿದರು. ಅವಳ ಹೆಸರಿತ್ತು. ಲೈಲ್ ಅದನ್ನು ಓದಿ, “ನಂಗೊತ್ತಿತ್ತು,” ಎಂದು ಅವಳ ಬೆನ್ನಿಗೊಂದು ಗುದ್ದು ಕೊಟ್ಟು ಹೋದ.

ಭಾನುವಾರ ಊರಿನ ತಂಡಕ್ಕೆ ಆ ವರ್ಷದ ಕೊನೆಯ ಮ್ಯಾಚ್. ಲೇಸ್ ಕಟ್ಟುತ್ತಾ ಮಾರ್ನಿ ತಲೆ ತಗ್ಗಿಸಿಯೇ ಹೇಳಿದಳು. “ನಾನು ‘ಗೊತ್ತಿಲ್ಲ’ ಅಂತ ಬರ್ದಿದ್ದೆ. ಆರನೇದಕ್ಕೆ. ‘ಕಾಣಲ್ಲ’ ಅಂತ.”

ಲೈಲ್‌ನ ಕೈ ಲೇಸಿನ ಮೇಲೇ ನಿಂತಿತು. “ತಲೆ ಹಿಂದೆ ಯಾರಿಗ್ ಕಣ್ಣಿರುತ್ತೆ,” ಎಂದ. ಹೆಲ್ಮೆಟ್ ಹಾಕಿಕೊಂಡು ಅವಳಿಗೆ ಕಾಯದೆ ಹೊರಟ. ಮೂರು ವರ್ಷದಲ್ಲಿ ಅವನು ಕಾಯದೆ ಹೋದದ್ದು ಅದೇ ಮೊದಲು.

ಎರಡನೇ ಪೀರಿಯಡ್‌ನಲ್ಲಿ ಪಕ್ ಮಾರ್ನಿಗೆ ಸಿಕ್ಕಿತು. ಎದುರಿಗೆ ದಾರಿ ತೆರವಾಗಿತ್ತು. ಅವಳು ಓಡಿದಳು. ಐಸ್ ಮೇಲೆ ಬಳಿದ ನೀಲಿ ಗೆರೆ ದಾಟುವಾಗ, ಮೊದಲ ಸಲ, ತಿರುಗಿ ನೋಡಿದಳು.

ಅವಳು ಬಿಟ್ಟ ಜಾಗದಲ್ಲಿ, ಮಂಡಿ ಬಗ್ಗಿಸಿ, ಕೋಲು ಚಾಚಿ, ಅವನಿದ್ದ.

“ಏನ್ ನೋಡ್ತಿದೀಯ?” ಎಂದು ಲೈಲ್ ಕೂಗಿದ. “ಪಕ್ ಮುಂದಿದೆ.”

ಮಾರ್ನಿ ಮುಂದೆ ತಿರುಗಿದಳು. ಜನ ಬೋರ್ಡಿಗೆ ಕೈ ಬಡಿಯುತ್ತಿದ್ದರು. ಅದರ ನಡುವೆ, ಬೆನ್ನ ಹಿಂದೆ, ಹಳೇ ಬ್ಲೇಡು ಐಸ್ ಕೊರೆಯುವ ಸದ್ದು ಚರ್ ಚರ್ ಎಂದು ಕೇಳುತ್ತಿತ್ತು. ಮೂರು ಚಳಿಗಾಲವೂ ಅದು ಅಲ್ಲೇ ಇತ್ತು.