ಹಿಟ್ಟಿನ ಮೇಲೆ ಬರೆದ ಲೆಕ್ಕ

ಅತ್ತೆಯ ಬೇಕರಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ. ಅಳತೆ ಬದಲಿಸುವ ಮೊದಲು ಮೇಜಿನ ಮೇಲೆ ಹಿಟ್ಟು ಉದುರಿಸಿ, ಬೆರಳಿನಿಂದ ಲೆಕ್ಕ ಬರೆದು ಆಕೆಗೆ ತೋರಿಸಬೇಕು. ಆಕೆಯ ಅಣ್ಣನ ಮಗಳು ಕಣ್ಣಂದಾಜಿನಲ್ಲಿ ಹಾಲು ಸುರಿದು ಈಗಾಗಲೇ ಒಂದು ಮದುವೆ ಕೇಕ್ ಕೆಡಿಸಿದ್ದಳು. ಇನ್ನೊಂದು ಕೆಟ್ಟರೆ ಕೇಕ್ ಕೆಲಸ ಬೇರೆಯವರಿಗೆ ಎಂದು ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಹುಡುಗಿಗೋ ಆ ಕೆಲಸವೆಂದರೆ ಪ್ರಾಣ. ಹಟಕ್ಕೆ ಬಿದ್ದು ಭಿನ್ನರಾಶಿಯ ಗುಣಾಕಾರ ಕಲಿತಳು.

ಇಂದಿನ ಕೇಕಿಗೆ ಮಾಮೂಲಿ ಅಳತೆಯ ಮೂರರಲ್ಲಿ ಎರಡು ಪಾಲು ಸಾಕು. ಮಾಮೂಲಿ ಹಾಲು ಮುಕ್ಕಾಲು ಲೀಟರ್. 2/3 × 3/4 ಎಂದು ಬರೆದಳು. ಮೇಲಿನ ಮೂರು, ಕೆಳಗಿನ ಮೂರು ಎರಡನ್ನೂ ಹೊಡೆದುಹಾಕಿದಳು. ಉಳಿದ 2/4 ಅನ್ನು ಸರಳ ಮಾಡಿದರೆ ಅರ್ಧ. ಎದೆ ಉಬ್ಬಿಸಿಕೊಂಡು ಅತ್ತೆಯನ್ನು ಕರೆತರಲು ಓಡಿದಳು.

ಬಂದು ನೋಡಿದರೆ ಅವಳ ಲೆಕ್ಕವೇ ಮಾಯ. ಆ ಜಾಗದಲ್ಲಿ ಅಚ್ಚುಕಟ್ಟಾಗಿ 6/12. ಪಕ್ಕದಲ್ಲಿ ಓವನ್ ನೋಡಿಕೊಳ್ಳುವ ಹುಡುಗ, ಬೆರಳ ತುದಿಯೆಲ್ಲ ಹಿಟ್ಟು.

“ಇದು ನಿನ್ನ ಬರಹ ಅಲ್ವಲ್ಲೇ,” ಅಂದಳು ಅತ್ತೆ.

ಹುಡುಗಿ ಎಲ್ಲವನ್ನೂ ಅಳಿಸಿದಳು. ಅತ್ತೆಯ ಕಣ್ಣೆದುರೇ ಮೊದಲಿಂದ ಬರೆದು, ಹೊಡೆದು, ಅರ್ಧ ಲೀಟರ್ ಹಾಲು ಅಳೆದಿಟ್ಟಳು. ಇನ್ನು ಕೇಕಿನ ಜವಾಬ್ದಾರಿ ನಿನ್ನದೇ ಎಂದು ಅತ್ತೆ ಒಳಗೆ ಹೋದಳು.

ಆಮೇಲೆ ಹುಡುಗಿ ಅವನತ್ತ ತಿರುಗಿದಳು. ಅವನು ನೆಲ ನೋಡುತ್ತಿದ್ದ, ಕಿವಿ ಕೆಂಪಾಗಿತ್ತು.

“ಅಷ್ಟೊಂದು ಹೊಡೆದುಹಾಕಿದ್ದು ನೋಡಿ ತಪ್ಪಾಗಿದೆ ಅಂದ್ಕೊಂಡೆ.”

“ನಿನ್ನ ಉತ್ತರಾನೂ ಅರ್ಧಾನೇ. ಸರಳ ಮಾಡೋದು ಬಾಕಿ ಇತ್ತು, ಅಷ್ಟೇ.” ಸಿಟ್ಟಿನಲ್ಲೇ ಶುರು ಮಾಡಿದಳು. ಆದರೆ ಅವನ ರೆಪ್ಪೆಯ ಮೇಲೂ ಹಿಟ್ಟು ಕೂತಿದ್ದನ್ನು ಕಂಡು ನಗು ಬಂತು. ಎಷ್ಟೋ ದಿನದಿಂದ ಅವನೆಂದರೆ ಅವಳಿಗೆ ಇಷ್ಟ. ಕೆಲಸ ಕೈಗೆ ಬರುವವರೆಗೆ ಬಾಯಿ ಬಿಡಬಾರದೆಂದು ತಡೆದುಕೊಂಡಿದ್ದಳು.

“ಕೇಕ್ ಕೆಲಸ ತಪ್ಪಿ ನೀನು ಇಲ್ಲಿಂದ ಹೋಗ್ಬಿಟ್ರೆ ಅಂತ ಭಯ ಆಯ್ತು,” ಅವನು ತಡವರಿಸಿದ. “ನೀನಿಲ್ದೆ ನಾನು ಅರ್ಧ. ನೀನೂ ಅರ್ಧ ಅಂದ್ಕೊಂಡ್ರೆ...”

“ಅರ್ಧಕ್ಕೆ ಅರ್ಧ ಗುಣಿಸಿದ್ರೆ ಕಾಲಾಗುತ್ತೆ. ನಾನು ಅರ್ಧ ಅಲ್ಲ ಕಣೋ, ಪೂರ್ತಿ ಇದ್ದೀನಿ. ನೀನೂ ಪೂರ್ತಿಯಾಗಿ ಬರೋದಾದ್ರೆ ಬಾ.”

ಅವಳು ಹಿಟ್ಟಿನ ಮೇಲೆ 1 × 1 ಎಂದು ಬರೆದು ಅವನ ಮುಖ ನೋಡಿದಳು. ಅವನು ಬೆರಳಿನಿಂದ ಪಕ್ಕದಲ್ಲಿ = 1 ಎಂದು ಬರೆದ.

“ಇದನ್ನೂ ನಿಮ್ಮತ್ತೆಗೆ ತೋರಿಸ್ಬೇಕಾ?”

“ಮತ್ತೆ?” ಅಂದವಳೇ, ಹಿಟ್ಟಿನ ಕೈಯಲ್ಲೇ ಅವನ ಕೈ ಹಿಡಿದು ಒಳಗೆ ನಡೆದಳು.