ಕೆಂಪು ಸ್ವೆಟರಿನ ಒಂದು ತೋಳು

"ಸಾಕು ನಿಲ್ಸಕ್ಕಾ! ಮೊಣಕೈ ಬಂತು!" ತಮ್ಮ ಕಾಶಪ್ಪ ಕಿರುಚಿದ.

ಮಲ್ಲವ್ವ ಥಟ್ಟನೆ ಕೈ ನಿಲ್ಲಿಸಿದಳು. ಅವಳ ತೊಡೆಯ ಮೇಲೆ ಹೊಚ್ಚ ಹೊಸ ಕೆಂಪು ಸ್ವೆಟರ್ ಇತ್ತು. ಪಕ್ಕದಲ್ಲಿ ಸುರುಳಿ ಸುರುಳಿಯಾಗಿ ಉಣ್ಣೆಯ ದಾರ ಬಿದ್ದಿತ್ತು. ಸ್ವೆಟರಿನ ಬಲತೋಳು ಮುಂಗೈಯಿಂದ ಬಿಚ್ಚುತ್ತಾ ಬಿಚ್ಚುತ್ತಾ ಮೊಣಕೈ ತನಕ ಮಾಯವಾಗಿತ್ತು.

ಪಾಪ, ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಗೇಣು ದಾರ.

ನಾಳೆ ಮಣ್ಣೆತ್ತಿನ ಅಮಾವಾಸ್ಯೆ. ಕಾಂದಿವಲಿಯ ಆ ಬಿಲ್ಡಿಂಗ್ ಸೈಟಿನಲ್ಲಿ ಕಲ್ಲು, ಸಿಮೆಂಟು ಹೊರುವವರೆಲ್ಲ ಕಲಬುರ್ಗಿ ಕಡೆಯವರು. ಅವರ ಊರಲ್ಲಿ ಈ ಹಬ್ಬಕ್ಕೆ ಮಣ್ಣಿನಲ್ಲಿ ಜೋಡಿ ಎತ್ತು ಮಾಡಿ ಪೂಜೆ ಮಾಡುತ್ತಾರೆ. ಮುಂಬಯಿಗೆ ಬಂದರೂ ಹಬ್ಬ ಬಿಟ್ಟಾರೆಯೇ? ಸೈಟಿನಲ್ಲಿ ಮಣ್ಣಿಗೇನು ಬರ? ಪಾಯಾ ತೋಡಿ ಹಾಕಿದ ಮಣ್ಣು ಗುಡ್ಡದ ಹಾಗೆ ಬಿದ್ದಿತ್ತು. ಮಳೆಗೆ ನೆನೆದು ಒಳ್ಳೇ ಬೆಣ್ಣೆಯಂತಾಗಿತ್ತು.

ಮಲ್ಲವ್ವನ ಎತ್ತುಗಳು ಎಲ್ಲರಿಗಿಂತ ಚೆಂದ ಬಂದಿದ್ದವು. ಡುಬ್ಬ ಇತ್ತು, ಕೋಡು ಇತ್ತು, ಜೋಳದ ಕಾಳಿನ ಕಣ್ಣೂ ಇತ್ತು. ಆದರೆ ಕೋಡಿಗೆ ಕಟ್ಟಲು ಗೊಂಡೆ ಇರಲಿಲ್ಲ. ಗೊಂಡೆ ಇಲ್ಲದ ಎತ್ತು ಹಬ್ಬದ ಎತ್ತಾಗುತ್ತದೆಯೇ? ಬೋಳು ಬೋಳಾಗಿ ಕಾಣುತ್ತಿತ್ತು. ಆಗ ಅವಳಿಗೆ ಸ್ವೆಟರಿನ ನೆನಪಾಯಿತು. ಮುಂಗೈ ಹತ್ತಿರದ ಗಂಟನ್ನು ಹಲ್ಲಿನಿಂದ ಕಚ್ಚಿ ಒಂದು ಸಲ ಎಳೆದಳು. ಸರ್ರ್ ಅಂತ ಬಂತು ನೋಡಿ ದಾರ!

ಕೆಂಪು ಗೊಂಡೆ ಕಟ್ಟಿದ್ದೇ ತಡ, ಪಕ್ಕದ ಝೋಪಡಿಯ ಚಂದ್ರಾಮ ಓಡಿ ಬಂದ. "ಏ ಮಲ್ಲಿ, ನಂಗೂ ಒಂಚೂರು ಕೊಡ!"

ಕೊಟ್ಟಳು. ಚಂದ್ರಾಮನ ಎತ್ತು ನೋಡಿ ಅವನ ತಂಗಿ ಬಂದಳು. ಅವಳ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬಳು. ಎಲ್ಲರ ಕೈಯಲ್ಲೂ ಹಸಿ ಮಣ್ಣಿನ ಬೋಳು ಎತ್ತು. "ಇಲ್ಲ" ಅನ್ನುವ ಮಾತು ಮಲ್ಲವ್ವನ ಬಾಯಿಗೆ ಬರುವುದೇ ಇಲ್ಲ. ಅದೊಂದು ದೊಡ್ಡ ತೊಂದರೆ ಅವಳದ್ದು.

ಈಗಲೂ ಬಾಗಿಲಲ್ಲಿ ಇನ್ನೂ ಒಂದಿಷ್ಟು ಮಕ್ಕಳು ಆಸೆಯಿಂದ ನಿಂತಿದ್ದರು. ಅಷ್ಟು ಜನಕ್ಕೆ ಕೊಟ್ಟು ಇವರಿಗೆ ಮಾತ್ರ ಕೊಡದಿದ್ದರೆ ಹೇಗೆ? "ಆಗಿದ್ದಾಗ್ಲಿ!" ಅಂದು ಮಲ್ಲವ್ವ ಮತ್ತೆ ಎಳೆದಳು. ಎಲ್ಲರ ಎತ್ತಿಗೂ ಗೊಂಡೆ ಬಂತು. ಸ್ವೆಟರಿಗೆ ತೋಳೇ ಇಲ್ಲದಾಯಿತು.

ಮಕ್ಕಳೆಲ್ಲ ಕುಣಿಯುತ್ತಾ ಹೋದ ಮೇಲೆ ಅವಳು ಸ್ವೆಟರ್ ಎತ್ತಿ ನೋಡಿ "ಅಯ್ಯೋ!" ಅಂದಳು.

ಆ ಸ್ವೆಟರ್ ಇಸ್ಕೂಲಿನದು. ಇಸ್ಕೂಲು ಅಂದರೆ ಸೈಟಿನ ಮೂಲೆಯಲ್ಲಿ ತಗಡು ಹೊದಿಸಿದ ಒಂದು ಪತ್ರಾ ಶೆಡ್ಡು. ನಾರ್ವೆ ಅನ್ನುವ ದೂರದ ದೇಶದ ಒಂದು ಸಣ್ಣ ಊರಲ್ಲಿ ನಾಲ್ಕಾರು ಹೆಂಗಸರು ಸೇರಿ ಒಂದು ಸಂಘ ಕಟ್ಟಿದ್ದರು. ಕೂಲಿಯವರ ಮಕ್ಕಳಿಗೆ, ಅಪ್ಪ ಅವ್ವ ಇಲ್ಲದ ಮಕ್ಕಳಿಗೆ ಪಾಟಿ, ಪುಸ್ತಕ, ದಿನಾ ಒಂದು ಲೋಟ ಹಾಲು, ಎಲ್ಲ ಅವರದೇ. ಮಲ್ಲವ್ವ, ಕಾಶಪ್ಪರಿಗೆ ಅಪ್ಪ ಇಲ್ಲ, ಅವ್ವನೂ ಇಲ್ಲ. ದೊಡ್ಡವ್ವ ಹನುಮವ್ವನೇ ಸಾಕುತ್ತಿದ್ದಳು. ಕಡ್ಡಿಯಂತಿದ್ದ ಕಾಶಪ್ಪ ಆ ಹಾಲು ಕುಡಿದು ಈಗ ಗುಂಡಗುಂಡಗೆ ಆಗಿದ್ದ.

ಈ ಸಲ ಅಲ್ಲಿಂದ ಒಂದು ದೊಡ್ಡ ಪೆಟ್ಟಿಗೆ ಸ್ವೆಟರ್ ಬಂದಿತ್ತು. ಮಧ್ಯಾಹ್ನವಷ್ಟೇ ವಿನೋದಿನಿ ಟೀಚರ್ ಹಂಚಿದ್ದರು. ಅವರು ಉಡುಪಿಯ ಕಡೆಯವರು, ಸಾಂತಾಕ್ರೂಜ್‌ನಿಂದ ದಿನಾ ಲೋಕಲ್‌ನಲ್ಲಿ ಬರುತ್ತಾರೆ. ಮಕ್ಕಳೆಲ್ಲ ಅವರನ್ನು 'ಅಕ್ಕೋರು' ಅನ್ನುತ್ತಾರೆ.

"ನಾಳೆ ನಾರ್ವೆಯಿಂದ ಇಂಗ್ರಿಡ್ ಮೇಡಂ ಬರ್ತಾರೆ. ಎಲ್ಲರೂ ಸ್ವೆಟರ್ ಹಾಕಿಕೊಂಡೇ ಬರಬೇಕು, ಫೋಟೋ ತೆಗೀತಾರೆ," ಅಂದಿದ್ದರು ಟೀಚರ್. "ಮಲ್ಲವ್ವಾ, ನಿನ್ನ ಈ ಕೆಂಪು ಉಂಟಲ್ಲ, ಇದನ್ನು ಅವರೇ ಕೈಯಾರೆ ಹೆಣೆದದ್ದಂತೆ. ಜಾಗ್ರತೆ!"

ಪೆಟ್ಟಿಗೆಯಲ್ಲಿದ್ದ ಕೆಂಪು ಅದೊಂದೇ. ಉಳಿದವೆಲ್ಲ ಬೂದಿ ಬಣ್ಣ, ನೀಲಿ, ಕಂದು.

"ಆ ಮೇಡಂ ಸಿಟ್ಟಿಗೆದ್ರ ಮುಗೀತು," ಅಂದ ಚಂದ್ರಾಮ, ತಿರುಗಿ ಬಂದು ಬಾಗಿಲಲ್ಲಿ ನಿಂತು. "ಹಾಲು ಬಂದ್!" ಹೀಗೆ ಹೇಳುವಾಗಲೂ ಅವನ ಕೈಯಲ್ಲಿದ್ದ ಎತ್ತಿನ ಕೋಡಲ್ಲಿ ಮಲ್ಲವ್ವ ಕೊಟ್ಟ ಗೊಂಡೆ ಕುಣಿಯುತ್ತಿತ್ತು. ಎಂಥ ಜಾಣ ನೋಡಿ!

ಸಂಜೆ ಬುಟ್ಟಿ ಇಳಿಸಿ ಬಂದ ದೊಡ್ಡವ್ವ ಸ್ವೆಟರ್ ಎತ್ತಿ ನೋಡಿದಳು. ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು.

"ಇದರ ಇನ್ನೊಂದು ತೋಳು ಎಲ್ಲಿ ಅದ?"

"ಎತ್ತಿನ ಕೋಡಿನ ಮ್ಯಾಲ ಅದ, ದೊಡ್ಡವ್ವ," ಅಂದ ಕಾಶಪ್ಪ.

"ಏನ್ ಹುಡುಗಿ ಇದ್ದೀಯವಾ ನೀ! ಊರಿಗೆಲ್ಲಾ ಹಂಚಾಕ ನೀ ಏನು ದೇಸಾಯರ ಮಗಳೇನ?" ದೊಡ್ಡವ್ವ ಬಾಯಿ ತುಂಬ ಬೈದಳು. ಬೈದು ಬೈದು ಸುಸ್ತಾದ ಮೇಲೆ ಮಲ್ಲವ್ವನ ಬಾಡಿದ ಮುಖ ನೋಡಿದಳು. "ಅಳಬ್ಯಾಡ, ಬಿಡು. ಒಂದು ಉಪಾಯ ಅದ."

ಹಳೇ ಧೋತರ ಹರಿದು ಉದ್ದನೆಯ ಪಟ್ಟಿ ಮಾಡಿದಳು. "ನಾಳೆ ತೋಳಿಗೆ ಇದನ್ನು ಸುತ್ತತೀನಿ. ಕೈಗೆ ಪೆಟ್ಟಾಗೇದ ಅಂತ ಹೇಳು. ಅಂಥ ದೊಡ್ಡ ಮಂದಿ ಇದನ್ನ ಬಿಚ್ಚಿ ನೋಡ್ತಾರೇನ?"

ಮಲ್ಲವ್ವನಿಗೂ ಅದು ಸರಿ ಅನ್ನಿಸಿತು.

ಮರುದಿನ ಮಳೆ ಬಿಟ್ಟು ಬಿಸಿಲು ಸುಡತೊಡಗಿತು. ಪತ್ರಾ ಶೆಡ್ಡು ಒಲೆಯ ಮೇಲಿಟ್ಟ ಹಂಚಿನ ಹಾಗೆ ಕಾದಿತ್ತು. ಅದರೊಳಗೆ ಮಕ್ಕಳೆಲ್ಲ ದಪ್ಪ ಉಣ್ಣೆಯ ಸ್ವೆಟರ್ ಹಾಕಿಕೊಂಡು ಸಾಲಾಗಿ ಕುಳಿತಿದ್ದರು! ಚಂದ್ರಾಮನ ಸ್ವೆಟರ್ ಮೊಣಕಾಲಿನ ತನಕ ಬರುತ್ತಿತ್ತು. ಅವನ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕಾಶಪ್ಪನ ಮುಖ ಟೊಮೆಟೋ ಆಗಿತ್ತು. ಮಲ್ಲವ್ವ ಹೆಗಲಿನಿಂದ ಬೆರಳಿನ ತನಕ ಬಿಳಿ ಪಟ್ಟಿ ಸುತ್ತಿಕೊಂಡು ಹಿಂದಿನ ಸಾಲಿನಲ್ಲಿ ಅಡಗಿದ್ದಳು.

ಇಂಗ್ರಿಡ್ ಮೇಡಂ ಬಂದರು. ಎತ್ತರದ ಅಜ್ಜಿ. ತುಂಡು ಬಿಳಿ ಕೂದಲು, ಹೂವಿನ ಫ್ರಾಕು, ಕಾಲಲ್ಲಿ ಹಳೇ ಚಪ್ಪಲಿ. ತಮ್ಮ ಚೀಲ ತಾವೇ ಹೊತ್ತು ಕೆಸರಲ್ಲಿ ನಡೆದು ಬಂದಿದ್ದರು. ಬಾಗಿಲಲ್ಲಿ ನಿಂತಿದ್ದ ಹನುಮವ್ವ ಕೈ ಮುಗಿದು, "ಬರ್ರಿ ಇಂದ್ರಾಬಾಯಿ, ಬರ್ರಿ," ಅಂದಳು. ಇಂಗ್ರಿಡ್ ಅವಳ ಬಾಯಲ್ಲಿ ಹಾಗೇ ಆಗಿಬಿಟ್ಟಿತು.

ಎಲ್ಲರನ್ನೂ ನೋಡಿ ನಗುತ್ತಾ ಬಂದ ಅಜ್ಜಿಯ ಕಣ್ಣು ನೆಟ್ಟಗೆ ಬಿದ್ದದ್ದು ಎಲ್ಲಿ? ಆ ಬಿಳಿ ಪಟ್ಟಿಯ ಮೇಲೆ! ನಗು ಹೋಯಿತು. ಏನೋ ಕೇಳುತ್ತಾ ಮಲ್ಲವ್ವನ ಮುಂದೆ ಮೊಣಕಾಲೂರಿ ಕೂತರು.

"ಕೈಗೆ ಪೆಟ್ಟಾಗೇದ್ರೀ," ಅಂದಳು ಮಲ್ಲವ್ವ ಮೆಲ್ಲಗೆ.

ವಿನೋದಿನಿ ಟೀಚರ್ ಇಂಗ್ಲಿಷಿನಲ್ಲಿ ಹೇಳಿದರು. ಅಜ್ಜಿಯ ಉತ್ತರ ಕೇಳಿ ಮಲ್ಲವ್ವನ ಕಡೆ ತಿರುಗಿದರು. "ಅವರು ಊರಲ್ಲಿ ಆಸ್ಪತ್ರೆಯ ನರ್ಸ್, ಮಲ್ಲವ್ವ. ಪಟ್ಟಿ ಸರಿಯಾಗಿ ಕಟ್ಟಿಲ್ಲವಂತೆ. ಬಿಚ್ಚಿ ನೋಡ್ತಾರಂತೆ."

ಮಲ್ಲವ್ವ ಬಾಗಿಲ ಕಡೆ ನೋಡಿದಳು. ದೊಡ್ಡವ್ವ ಅಲ್ಲಿ ಇರಲೇ ಇಲ್ಲ!

ಪಟ್ಟಿ ಒಂದೊಂದೇ ಸುತ್ತು ಬಿಚ್ಚಿತು. ಒಳಗೆ ಕೈ ಇತ್ತು. ಗಾಯ ಇಲ್ಲ, ಊತ ಇಲ್ಲ, ಒಂದು ತರಚೂ ಇಲ್ಲ. ಅಜ್ಜಿ ಬೆರಳಿನಿಂದ ಮೇಲಕ್ಕೆ ಒತ್ತಿ ಒತ್ತಿ ನೋಡಿದರು. ಹೆಗಲ ಹತ್ತಿರ ಬಂದಾಗ ಅವರ ಕೈ ನಿಂತಿತು. ತೋಳಿಲ್ಲದ ಸ್ವೆಟರಿನ ಸಡಿಲ ಉಣ್ಣೆಯನ್ನು ಅವರು ಸುಮ್ಮನೆ ನೋಡಿದರು. ತಾವೇ ಹೆಣೆದದ್ದು ಗುರುತು ಸಿಗದೆ ಇರುತ್ತದೆಯೇ?

ಮಲ್ಲವ್ವನಿಗೆ ತಡೆಯಲಾಗಲಿಲ್ಲ. ಹೋ ಎಂದು ಅತ್ತುಬಿಟ್ಟಳು.

"ಹಾಲು ಬಂದ್ ಮಾಡಬ್ಯಾಡ್ರೀ! ಪೆಟ್ಟು ಸುಳ್ಳು ರೀ. ಬಿಚ್ಚಿದಾಕಿ ನಾನೇ. ಎತ್ತಿಗೆ ಗೊಂಡೆ ಬೇಕಾಗಿತ್ತು. ಎಲ್ಲರೂ ಕೇಳಿದ್ರು, ಕೊಟ್ಟೆ. ಇವರೆಲ್ಲಾ ಏನು ಮಾಡ್ಯಾರ? ನಂದು ಒಬ್ಬಾಕಿದು ಬಂದ್ ಮಾಡ್ರಿ ಬೇಕಾದ್ರ!"

ಟೀಚರ್ ಮುಖ ಕೆಂಪಾಯಿತು. ಆದರೂ ಒಂದೂ ಮಾತು ಬಿಡದೆ ಹೇಳಿದರು. ಅಜ್ಜಿ ಹುಬ್ಬೇರಿಸಿ ಏನೋ ಕೇಳಿದರು.

"ಎತ್ತುಗಳು ಎಲ್ಲಿ ಅಂತ ಕೇಳ್ತಿದ್ದಾರೆ," ಅಂದರು ಟೀಚರ್.

ಮಕ್ಕಳು ಎದ್ದು ಬಿದ್ದು ಝೋಪಡಿಗಳಿಗೆ ಓಡಿದರು. ಕ್ಷಣದಲ್ಲಿ ಶೆಡ್ಡಿನ ತುಂಬ ಎತ್ತೇ ಎತ್ತು. ಸಣ್ಣವು, ದೊಡ್ಡವು, ಕಾಲು ಸೊಟ್ಟ ಆದವು, ಎಮ್ಮೆಯಂತೆ ಕಾಣುವವು. ಎಲ್ಲದರ ಕೋಡಿನಲ್ಲೂ ಕೆಂಪು ಗೊಂಡೆ. ಎಲ್ಲರಿಗಿಂತ ಕೊನೆಗೆ ಚಂದ್ರಾಮ ಬಂದ. ಮಲ್ಲವ್ವನ ಪಕ್ಕದಲ್ಲೇ ನಿಂತ. "ನಾನೂ ಇಸ್ಕೊಂಡೀನ್ರಿ," ಅಂದ, ನೆಲ ನೋಡುತ್ತಾ.

ಅಜ್ಜಿ ನೆಲದ ಮೇಲೆ ಕೂತುಬಿಟ್ಟರು. ಒಂದು ಎತ್ತು ಎತ್ತಿಕೊಂಡರು. ಗೊಂಡೆಯನ್ನು ಬೆರಳಲ್ಲಿ ಆಡಿಸಿದರು. ಇನ್ನೊಂದು ನೋಡಿದರು, ಮತ್ತೊಂದು ನೋಡಿದರು.

ಅಜ್ಜಿಯ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೋ ಏನೋ ಅಂದುಕೊಂಡರೆ, ಅಲ್ಲ, ನಗು! ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಟೀಚರ್ ನಕ್ಕರು. ಏನೂ ತಿಳಿಯದ ಕಾಶಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಾ ಹೋಗಿ ಅಜ್ಜಿಯ ತೊಡೆಯ ಮೇಲೇ ಕೂತ.

ಅವನ ಕತ್ತಿಗೆ ಕೈ ತಾಗಿದ್ದೇ ಅಜ್ಜಿಯ ನಗು ನಿಂತಿತು. ಸ್ವೆಟರಿನೊಳಗೆ ಕೈ ಹಾಕಿದರು. ಅಂಗಿ ಹಿಂಡಿದರೆ ನೀರು ಬರುವಷ್ಟು ಒದ್ದೆ. ಬೆನ್ನ ತುಂಬ ಬೆವರುಸಾಲೆ. ಸರಕ್ಕನೆ ಅವನ ಸ್ವೆಟರ್ ಕಳಚಿದರು. ಆಮೇಲೆ ಎಲ್ಲರ ಕಡೆ ತಿರುಗಿ ಕೈಯಾಡಿಸಿದರು. ತೆಗೀರಿ, ತೆಗೀರಿ! ಅದಕ್ಕೆ ಟೀಚರ್ ಅರ್ಥ ಹೇಳಬೇಕಾಗಲೇ ಇಲ್ಲ. "ಹುರ್ರೇ!" ಅಂತ ಮಕ್ಕಳು ಸ್ವೆಟರ್ ಕಿತ್ತು ಎಸೆದರು. ಶೆಡ್ಡಿನ ನಡುವೆ ಉಣ್ಣೆಯ ರಾಶಿ ಬಿತ್ತು.

"ಯವ್ವಾ, ಹಾಸ್ಕೊಳ್ಳಾಕ ಎಷ್ಟು ಮೆತ್ತಗ ಅದ," ಅಂತ ಎಲ್ಲಿಂದಲೋ ಬಂದ ದೊಡ್ಡವ್ವ ಅದನ್ನು ಒತ್ತಿ ನೋಡಿದಳು.

ಅಜ್ಜಿ ನಿಧಾನವಾಗಿ ಏನೋ ಹೇಳತೊಡಗಿದರು. ಟೀಚರ್ ಅಷ್ಟೇ ನಿಧಾನವಾಗಿ ಕನ್ನಡದಲ್ಲಿ ಹೇಳಿದರು.

"ನಮ್ಮ ಊರಲ್ಲಿ ಚಳಿಗಾಲಕ್ಕೆ ಸೂರ್ಯ ಮುಖ ತೋರಿಸಿದರೆ ತೋರಿಸಿದ, ಇಲ್ಲದಿದ್ದರೆ ಇಲ್ಲ. ನೀರು ಕಲ್ಲಾಗಿಬಿಡ್ತದೆ. ಬೆಂಕಿಯ ಮುಂದೆ ಕೂತು ನಾವು ಹೆಂಗಸರೆಲ್ಲ ಇದನ್ನು ಹೆಣೆದೆವು. ಮುಂಬಯಿಯಲ್ಲಿ ಸೆಖೆ ಅಂತ ಪುಸ್ತಕದಲ್ಲಿ ಓದಿದ್ದೆವು. ಆದರೂ ಅಪ್ಪ ಅಮ್ಮ ಇಲ್ಲದ ಮಕ್ಕಳು ಅಂದ ಕೂಡಲೇ ನಮಗೆ ಕಂಡದ್ದು ಚಳಿಯಲ್ಲಿ ನಡುಗುವ ಮಕ್ಕಳೇ."

ಮಲ್ಲವ್ವ ಬಾಯಿ ತೆರೆದು ಕೇಳಿದಳು. ಹಗಲಲ್ಲೂ ಕತ್ತಲೆಯ ಊರು. ಅಲ್ಲಿ ಕೂತು ಈ ಅಜ್ಜಿ ಕೆಂಪು ದಾರ ಹಿಡಿದು, ಮುಖವೇ ನೋಡದ ಒಬ್ಬ ಹುಡುಗಿಗೆ ಚಳಿ ಆದೀತು ಅಂತ ಹೆದರಿದ್ದರು.

"ಅಕ್ಕೋರ, ಹಂಗಾದ್ರ ಹಾಲು?"

"ಹಾಲು ಯಾಕೆ ನಿಲ್ತದೆ ಮಾರಾಯ್ತಿ? ನಾಳೆಯೂ ಉಂಟು, ನಾಡಿದ್ದೂ ಉಂಟು!"

ಅಜ್ಜಿ ಚೀಲದಿಂದ ಕತ್ತರಿ ತೆಗೆದು, ಕೆಂಪು ಸ್ವೆಟರಿನ ಇನ್ನೊಂದು ತೋಳನ್ನೂ ಕತ್ತರಿಸಿಬಿಟ್ಟರು. ಈಗ ಎರಡೂ ಕಡೆ ಸಮ! ಚಂದ್ರಾಮ ಸೀಟಿ ಹೊಡೆದ. ಫೋಟೋ ತೆಗೆದದ್ದು ಎತ್ತುಗಳ ಜೊತೆಗೇ.

ಅಜ್ಜಿ ಹೊರಡುವಾಗ ಮಲ್ಲವ್ವ ತನ್ನ ಎತ್ತುಗಳನ್ನು ತಂದು ಅವರ ಮುಂದಿಟ್ಟಳು. ಅಜ್ಜಿ ಒಂದನ್ನು ಮಾತ್ರ ಎತ್ತಿಕೊಂಡರು.

"ಒಂಟಿ ಎತ್ತು ಕೊಡಬಾರದು, ಎರಡೂ ಒಯ್ರಿ," ಅಂದಳು ಮಲ್ಲವ್ವ.

"ಸಂಜಿಗೆ ಪೂಜೆಗೆ ಏನು ಇಡ್ತಿ?" ದೊಡ್ಡವ್ವ ಕೇಳಿದಳು.

"ಬ್ಯಾರೆ ಮಾಡ್ತೀನಿ. ಮಣ್ಣು ಅಲ್ಲೇ ಬಿದ್ದದಲ್ಲ."

ಕತ್ತರಿಸಿದ ತೋಳು ಬೆಂಚಿನ ಮೇಲಿತ್ತು. ಮಲ್ಲವ್ವ ಎತ್ತುಗಳನ್ನು ಒಂದರ ಹಿಂದೆ ಒಂದು ಅದರೊಳಗೆ ಮೆಲ್ಲಗೆ ತೂರಿಸಿದಳು. ಕೈಬೆರಳಿನಿಂದ ಸವರಿ, ಎಲ್ಲೂ ಸಂದು ಬಿಡದಂತೆ ಮುಚ್ಚಿದಳು.

"ಒಳ್ಳೇದು, ವಿಮಾನದಲ್ಲಿ ಒಡೆಯುವುದಿಲ್ಲ," ಅಂದರು ಟೀಚರ್.

"ಒಡೀತಾವ ಅಂತಲ್ಲ ಅಕ್ಕೋರ," ಮಲ್ಲವ್ವ ತಲೆ ಎತ್ತದೆ ಹೇಳಿದಳು. "ಅಲ್ಲಿ ಅವಕ್ಕ ಚಳಿ ಹತ್ತತದ."

ಟೀಚರ್ ಆ ಮಾತನ್ನು ಅಜ್ಜಿಗೆ ಹೇಳಿದರು. ಈ ಸಲ ಅಜ್ಜಿ ನಗಲಿಲ್ಲ. ಉಣ್ಣೆಯ ಆ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗೆ ಒತ್ತಿ ಹಿಡಿದರು. ಮಲ್ಲವ್ವ ಅವರ ಬೆರಳು ಹಿಡಿದು, ಕೆಸರಿನಲ್ಲಿ ಕಾಲಿಡಲು ಜಾಗ ತೋರಿಸುತ್ತಾ ರಸ್ತೆಯ ತನಕ ನಡೆದಳು.